ಹೊಕ್ಕುಳಬಳ್ಳಿಯ ರಕ್ತಕ್ಕೆ ಕಾದ ಬೇಸಿಗೆ

ನಾನು ಅಂಗನವಾಡಿ ಕಾರ್ಯಕರ್ತೆ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಹನ್ನೊಂದು ವರ್ಷದಿಂದ ಬೇರೆಯವರ ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ನನ್ನ ಕೆಲಸ. ಒಳಗೆ ಕೆಂಪಗಿದ್ದರೆ ಸರಿ. ಬೆಳ್ಳಗಿದ್ದರೆ ರಕ್ತ ಕಡಿಮೆ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡು, ತಾಯಿಗೆ ಎರಡು ಮಾತು ಬೈದು ಕಳಿಸುತ್ತೇನೆ. ಅಂಥ ನಾನು ಸ್ವಂತ ಮಗಳ ರೆಪ್ಪೆಯನ್ನು ಏಳು ತಿಂಗಳು ಎಳೆದು ನೋಡಲಿಲ್ಲ. ಕೂಸು ಬೆಳ್ಳಗಿದೆ ಎಂದು ಯಾರಾದರೂ ಅಂದರೆ, ನಮ್ಮ ಅತ್ತಿಯ ಬಣ್ಣ ಬಂದಿದೆ ಎಂದು ಖುಷಿಪಡುತ್ತಿದ್ದೆ.

ಸಿಂಚನಾ ಹಾಲು ಕುಡಿಯುತ್ತ ಅರ್ಧಕ್ಕೇ ಸುಸ್ತಾಗಿ ಬಾಯಿ ಬಿಡುತ್ತಿದ್ದಳು. ಹಣೆಯಲ್ಲಿ ಬೆವರು. ಹೊಟ್ಟೆಯ ಎಡಭಾಗ ಸ್ವಲ್ಪ ಉಬ್ಬಿತ್ತು. ಹುಳ ಇರಬಹುದು ಎಂದುಕೊಂಡೆ. ಒಂದು ದಿನ ನಮ್ಮ ಕೇಂದ್ರದ ಸಹಾಯಕಿ ಅವಳನ್ನು ಎತ್ತಿಕೊಂಡವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕಾರ, ಈ ಕೂಸಿನ ತುಟಿ ನೋಡ್ರಿ. ಪೂರಾ ಬೆಳ್ಳಗ ಆಗ್ಯಾವ."

ರೆಪ್ಪೆ ಎಳೆದೆ. ಒಳಗೆ ಕೆಂಪೇ ಇರಲಿಲ್ಲ.

ಅವತ್ತೇ ನಾನು, ನನ್ನ ಗಂಡ ರೈಲು ಹತ್ತಿ ಕಲಬುರಗಿಗೆ ಹೋದೆವು. ಹಿಮೋಗ್ಲೋಬಿನ್ ರಿಪೋರ್ಟ್ ನೋಡಿದ ಡಾಕ್ಟರು ಅದನ್ನು ಬದಿಗಿಟ್ಟು ನಮ್ಮಿಬ್ಬರ ಮುಖ ನೋಡಿದರು. "ನೀವಿಬ್ರೂ ಮೊದಲಿಂದ ಸಂಬಂಧಿಕರೇನು?" ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: "ಹೌದ್ರಿ, ನಮ್ಮ ಸೋದರತ್ತಿ ಮಗನೇ."

ನಾಲ್ಕು ದಿನ ಬಿಟ್ಟು ಇನ್ನೊಂದು ರಿಪೋರ್ಟ್ ಬಂತು. ಥಲಸ್ಸೇಮಿಯಾ ಮೇಜರ್.

ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಅದರ ಒಂದೊಂದು ಎಳೆ ಇತ್ತಂತೆ. ನಮಗೆ ಏನೂ ತೊಂದರೆಯಿಲ್ಲ. ಎರಡೂ ಎಳೆ ಕೂಡಿ ಮಗುವಿಗೆ ಬಂದರೆ ಅದರ ಮೈ ತನ್ನ ರಕ್ತವನ್ನು ತಾನು ತಯಾರಿಸಿಕೊಳ್ಳಲಾರದು. ಬೇರೆ ಮನೆಗಳಲ್ಲಾದರೆ ಇದು ಯಾರ ಕಡೆಯಿಂದ ಬಂತು ಎಂದು ಬೀಗರು ಕಚ್ಚಾಡುತ್ತಾರೆ. ನಮ್ಮಲ್ಲಿ ಅದಕ್ಕೂ ದಾರಿಯಿರಲಿಲ್ಲ. ನನ್ನ ಅತ್ತಿ ನನ್ನ ಅಪ್ಪನ ಒಡಹುಟ್ಟಿದವಳು. ಬೈಯಬೇಕೆಂದರೆ ಎಲ್ಲರೂ ತಮ್ಮನ್ನೇ ಬೈದುಕೊಳ್ಳಬೇಕಿತ್ತು. ಹಾಗಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡರು.

ಮುಂದಿನ ನಾಲ್ಕೂವರೆ ವರ್ಷ ನಮ್ಮ ಮನೆಯ ಕ್ಯಾಲೆಂಡರ್ ಮೂರು ವಾರಕ್ಕೊಮ್ಮೆ ತಿರುಗಿತು. ಮೊದಲ ವಾರ ಸಿಂಚನಾ ಓಡಾಡುತ್ತಾಳೆ, ಅಣಕಿಸುತ್ತಾಳೆ, ಜಗಳ ತೆಗೆಯುತ್ತಾಳೆ. ಎರಡನೇ ವಾರ ಮೆಟ್ಟಿಲ ಮೇಲೆ ಕೂತು ಬೇರೆ ಮಕ್ಕಳ ಆಟ ನೋಡುತ್ತಾಳೆ. ಮೂರನೇ ವಾರ ಮಲಗಿಬಿಡುತ್ತಾಳೆ. ಆಗ ಕಲಬುರಗಿ, ಬೆಡ್, ಸೂಜಿ, ಯಾರೋ ಪುಣ್ಯಾತ್ಮರು ಕೊಟ್ಟ ರಕ್ತದ ಚೀಲ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ ಇರುವುದರಿಂದ ರಕ್ತದಾನದ ಶಿಬಿರಗಳೂ ಕಡಿಮೆ. ಕೌಂಟರಿನಲ್ಲಿ "ಇವತ್ತಿಲ್ಲ, ನಾಳೆ ಬರ್ರಿ" ಎಂದಾಗ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ಕೂತುಬಿಡುತ್ತಿದ್ದೆ. ಹೀಗೆ ಹೊರಗಿನಿಂದ ಹಾಕಿದ ರಕ್ತದ ಕಬ್ಬಿಣ ಮೈಯೊಳಗೆ ಕೂಡಿಕೊಳ್ಳುತ್ತ ಹೋಗಿ ಹೃದಯ, ಲಿವರ್ ಕೆಡಿಸುತ್ತದೆ. ಅದನ್ನು ಇಳಿಸಲು ದಿನವೂ ನೀರಿನಲ್ಲಿ ಕದಡಿ ಕುಡಿಸುವ ಮಾತ್ರೆ. ಅದನ್ನು ಕುಡಿಸಲು ದಿನವೂ ಒಂದು ಯುದ್ಧ.

ಹೈದರಾಬಾದಿನ ಆಸ್ಪತ್ರೆಯ ಡಾಕ್ಟರು ಎರಡನೇ ಮಗುವಿನ ಮಾತು ತೆಗೆದರು. ಒಡಹುಟ್ಟಿದವರ ರಕ್ತದ ಗುಣ ಪೂರ್ತಿ ಹೊಂದಿಕೆಯಾದರೆ, ಹುಟ್ಟುವಾಗ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಹಿಡಿದು ಶೇಖರಿಸಿಡಬಹುದು. ಅದರಲ್ಲಿ ಹೊಸ ರಕ್ತ ಹುಟ್ಟಿಸುವ ಕಣಗಳಿರುತ್ತವೆ. ಮುಂದೆ ಅದನ್ನು ಸಿಂಚನಾಳಿಗೆ ಹಾಕಿದರೆ ಅವಳ ಮೈ ತಾನೇ ರಕ್ತ ತಯಾರಿಸಲು ಕಲಿಯಬಹುದು. ಅವರು ಹಿಂದಿಯಲ್ಲಿ ಹೇಳಿದರು. ನನ್ನ ಗಂಡ ರೇಲ್ವೆಯವರಾದ್ದರಿಂದ ಅವರಿಗೆ ಪೂರ್ತಿ ತಿಳಿಯಿತು. ನನಗೆ 'ಹೊಂದಿಕೆ ನಾಲ್ಕರಲ್ಲಿ ಒಂದು' ಎಂಬುದಷ್ಟೇ ಕಿವಿಯಲ್ಲಿ ಉಳಿಯಿತು. ಆ ಮಗುವಿಗೂ ಇದೇ ಕಾಯಿಲೆ ಬರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು.

ನನಗೆ ಆಗ ಇನ್ನೊಂದು ಮಗು ಬೇಕಿತ್ತೇ? ನಿಜ ಹೇಳುತ್ತೇನೆ. ಬೇಕಿರಲಿಲ್ಲ. ನನಗೆ ಮಗಳಿಗೆ ಔಷಧ ಬೇಕಿತ್ತು.

ಹನ್ನೊಂದನೇ ವಾರದಲ್ಲಿ ಹೊಟ್ಟೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕಾಯಿಲೆ ಇದೆಯೋ ಇಲ್ಲವೋ ಅಷ್ಟೇ ನೋಡುತ್ತೇವೆ, ಹೊಂದಿಕೆ ಹುಟ್ಟಿದ ಮೇಲೆ ಎಂದರು. ಕಾಯಿಲೆ ಇದೆ ಎಂದು ಬಂದಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಗಂಡನ ಫೋನ್ ಬಂದಾಗ ನಾನು ಕೇಂದ್ರದಲ್ಲಿ ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. "ಮೇಜರ್ ಇಲ್ಲಂತ ಸುನೀ, ನಮ್ಮಂಗ ಬರೇ ಒಂದ ಎಳಿ ಅದಂತ" ಎಂದರು. ಮೊಟ್ಟೆ ಹಿಡಿದುಕೊಂಡೇ ಮಕ್ಕಳ ಸಾಲಿನಲ್ಲಿ ಕೂತುಬಿಟ್ಟೆ.

ಹೆರಿಗೆ ಸೇಡಂನಲ್ಲಿ ಎಂದು ಗೊತ್ತುಮಾಡಿದೆವು. ಅಲ್ಲಿನ ಡಾಕ್ಟರ್ ಮೇಡಂ ಈ ರಕ್ತ ಹಿಡಿಯುವುದನ್ನು ಹಿಂದೆ ಮಾಡಿದ್ದರು. ಸೇಡಂ ತಾಲೂಕಿನ ಆಡಕಿ ನನ್ನ ತವರು. ವಾಡಿಯ ಕ್ವಾರ್ಟರ್ಸಿನ ಸಿಮೆಂಟ್ ಧೂಳಿನಲ್ಲಿ ಕೊನೆಯ ತಿಂಗಳು ಬೇಡ ಎಂದು ಅತ್ತಿಯೇ ನನ್ನನ್ನು ಆಡಕಿಗೆ ಕಳಿಸಿದಳು. ಮೇಡಂ ಒಂದೇ ಒಂದು ಷರತ್ತು ಹಾಕಿದರು.

"ಮೊದಲ ಕೂಸು, ಆಮ್ಯಾಲ ಚೀಲ. ಕೂಸಿಗಿ ಏನರೆ ಆತಂದ್ರ ನಾ ನಿಮ್ಮ ಚೀಲ ಮುಟ್ಟಂಗಿಲ್ಲ. ಒಪ್ಪಿಗಿ ಅದ?"

"ಅದರೀ" ಎಂದೆ. ಯಾವ ತಾಯಿ ಇಲ್ಲ ಅನ್ನುತ್ತಾಳೆ?

ಎಂಟನೇ ತಿಂಗಳಲ್ಲಿ ನನ್ನ ಗಂಡ ಹೈದರಾಬಾದಿನಿಂದ ಡಬ್ಬಿ ತಂದುಕೊಟ್ಟರು. ಚಪ್ಪಲಿ ಬರುವಂಥ ಸಣ್ಣ ರಟ್ಟಿನ ಡಬ್ಬಿ, ಒಳಗೆ ಥರ್ಮಾಕೋಲ್. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧ ತುಂಬಿದ ಚೀಲ, ಸೂಜಿ, ನಾಲ್ಕಾರು ಟ್ಯೂಬು, ಒಂದು ಫಾರ್ಮು. ಬಿಸಿ ತಾಗಿದರೆ ಕಪ್ಪಾಗುವ ಒಂದು ಪಟ್ಟಿಯನ್ನೂ ಒಳಗೆ ಅಂಟಿಸಿದ್ದರು. ಫ್ರಿಜ್ಜಿನಲ್ಲಿ ಇಡಬಾರದು, ಬಿಸಿಲಿಗೆ ಇಡಬಾರದು, ಮನೆಯ ತಂಪು ಜಾಗದಲ್ಲಿ ಇಡಬೇಕು.

ಆಡಕಿಯ ನಮ್ಮ ಮನೆ ಕಲ್ಲಿನದು. ಕೆಳಗೆ ಪರಸಿ ಕಲ್ಲಿನ ಹಾಸು, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬೆಂಕಿ ಸುರಿದರೂ ನಡುಮನೆಯ ಗೂಡು ತಂಪಾಗಿರುತ್ತದೆ. ಡಬ್ಬಿಯನ್ನು ಅಲ್ಲಿಟ್ಟು ಅವ್ವನನ್ನು ಕೂರಿಸಿಕೊಂಡು, ತಾಯಂದಿರ ಸಭೆಯಲ್ಲಿ ಹೇಳುವಂತೆ ಎಲ್ಲ ವಿವರಿಸಿದೆ. ಇದು ಕೂಸಿನ ಡಬ್ಬಿ, ಹುಟ್ಟಿದಾಗ ಬೇಕು, ಒಲೆಯ ಹತ್ತಿರ ಒಯ್ಯಬೇಡ, ಯಾರಿಗೂ ಮುಟ್ಟಲು ಬಿಡಬೇಡ. ಅವ್ವ ಆಗಲಿ ಎಂದು ತಲೆಯಾಡಿಸಿದಳು. ನನ್ನ ಸಭೆಗೆ ಬರುವ ತಾಯಂದಿರೂ ಹೀಗೆಯೇ ತಲೆಯಾಡಿಸಿ, ಮನೆಗೆ ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಅದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಹೆರಿಗೆಗೆ ಇನ್ನೂ ಎರಡು ವಾರವಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಹೈದರಾಬಾದಿನಿಂದ ಫೋನ್ ಬಂತು. ಡಬ್ಬಿ ತೆರೆದು ಪಟ್ಟಿಯ ಬಣ್ಣ ನೋಡಿ ಹೇಳಿ ಎಂದರು. ಗೂಡಿಗೆ ಕೈ ಹಾಕಿದೆ. ಜೋಳದ ಹಿಟ್ಟಿನ ಡಬ್ಬಿ ಸಿಕ್ಕಿತು.

"ಅವ್ವಾ, ಡಬ್ಬಿ ಎಲ್ಲಿ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಹೊರಗ ಅದ."

"ಹೊರಗ ಅಂದ್ರ ಎಲ್ಲಿ?"

"ದನದ ಶೆಡ್ಡಿನಾಗ. ಚೊಲೋ ಜಾಗದಾಗೇ ಇಟ್ಟೀನವ್ವ. ಒಗೆದ ಸೀರಿ ಸುತ್ತಿ ಇಟ್ಟೀನಿ."

ದನದ ಶೆಡ್ಡಿಗೆ ತಗಡಿನ ಮಾಡು. ಅದರ ಕೆಳಗೆ, ತಗಡಿಗೆ ತಾಗುವಷ್ಟು ಎತ್ತರದ ಅಟ್ಟದಲ್ಲಿ ಡಬ್ಬಿ ಕೂತಿತ್ತು. ದನ ಮುಟ್ಟದಿರಲಿ, ಇಲಿ ಮುಟ್ಟದಿರಲಿ ಎಂದು ಅಷ್ಟು ಎತ್ತರಕ್ಕೆ ಇಟ್ಟಿದ್ದಳು. ಅಣ್ಣ ಏಣಿ ಹಾಕಿ ಇಳಿಸಿಕೊಟ್ಟ. ಮುಟ್ಟಿದರೆ ಕೈ ಚುರುಗುಟ್ಟುವಷ್ಟು ಬಿಸಿ. ಮೇ ತಿಂಗಳ ಬಿಸಿಲಿನಲ್ಲಿ ಅದು ಅಲ್ಲಿ ಹದಿನೈದು ದಿನ ಇತ್ತು.

ಪಟ್ಟಿ ಕಪ್ಪಾಗಿತ್ತು.

ಡಬ್ಬಿ ಹಿಡಿದು ಒಲೆಯ ಮುಂದಿದ್ದ ಅವ್ವನ ಬಳಿ ಬಂದೆ. ಯಾಕೆ ಎಂದು ಕೇಳುವುದೇ ಬೇಕಿರಲಿಲ್ಲ. ನಮ್ಮ ಕಡೆ ಕೂಸು ಹುಟ್ಟುವ ಮೊದಲು ಅದರ ಸಾಮಾನು ಮನೆಯೊಳಗೆ ತರುವುದಿಲ್ಲ. ಬಟ್ಟೆ ಹೊಲಿಸುವುದಿಲ್ಲ, ತಲೆಗೆ ಹಾಕುವ ಕುಂಚಿಗಿ ಕೊಳ್ಳುವುದಿಲ್ಲ. ಬರುವವರು ಬರಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಸಿಂಚನಾ ಹುಟ್ಟುವಾಗ ಅಣ್ಣ ಆಸೆಪಟ್ಟು ಒಂದು ತಿಂಗಳು ಮೊದಲೇ ತೊಟ್ಟಿಲು ತಂದು ನಡುಮನೆಯಲ್ಲಿ ಇಟ್ಟಿದ್ದ. ಅವ್ವ ಬೇಡ ಎಂದಿದ್ದಳು. ನಾವು ನಕ್ಕಿದ್ದೆವು, ನಾನೇ ಹೆಚ್ಚು ನಕ್ಕಿದ್ದೆ. ಆಮೇಲೆ ಸಿಂಚನಾಳಿಗೆ ಹೀಗಾಯಿತು. ಡಾಕ್ಟರು ಎಳೆ ಎಂದರು, ವಂಶ ಎಂದರು, ಅವ್ವ ಎಲ್ಲ ಕೇಳಿಸಿಕೊಂಡಳು. ಅವಳ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಆ ತೊಟ್ಟಿಲು. ಐದು ವರ್ಷ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. 'ಇದು ಕೂಸಿನ ಡಬ್ಬಿ' ಎಂದು ನಾನು ಹೇಳಿದ ಮರುದಿನವೇ ಅವಳು ಅದನ್ನು ಹೊಸ್ತಿಲಾಚೆ ಸಾಗಿಸಿದ್ದಳು.

"ಒಂದು ಸಲ ನೋಡೀನಲ್ಲವ್ವ" ಎಂದಳು. "ಇನ್ನೊಂದು ಸಲ ನೋಡೋ ಧೈರ್ಯ ನನಗಿಲ್ಲ."

ನನ್ನ ಬಾಯಿಂದ ಬರಬಾರದ ಮಾತು ಬಂತು.

"ನನ್ನ ಮಗಳನ್ನ ನೀನೇ ಕೊಂದಿ."

ಅವ್ವ ಹಿಟ್ಟಿನ ಕೈಯಲ್ಲೇ ಕೂತಿದ್ದಳು. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಅದನ್ನು ತೆಗೆಯಲು ಇಬ್ಬರೂ ಏಳಲಿಲ್ಲ.

ಆ ಚೀಲ ಬಳಸಬೇಡಿ, ಒಳಗಿನ ಔಷಧ ಕೆಟ್ಟಿರಬಹುದು ಎಂದು ಹೈದರಾಬಾದಿನವರು ಹೇಳಿದರು. ಹೊಸ ಡಬ್ಬಿ ಕೊಡುತ್ತೇವೆ, ಎರಡು ದಿನ ಸಾಲಾಗಿ ರಜೆ ಇರುವುದರಿಂದ ಕೊರಿಯರ್ ತಡವಾಗುತ್ತದೆ ಎಂದರು. ನನ್ನ ಗಂಡ ಡ್ಯೂಟಿ ಬಿಟ್ಟು ಅವತ್ತೇ ಮಧ್ಯಾಹ್ನ ವಾಡಿಯಲ್ಲಿ ರೈಲು ಹತ್ತಿದರು. ಇನ್ನೂ ಎರಡು ವಾರ ಇದೆಯಲ್ಲ, ಅವಸರವಿಲ್ಲ ಎಂದು ನನಗೆ ಫೋನಿನಲ್ಲಿ ಸಮಾಧಾನ ಹೇಳಿದರು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನನಗೆ ಹೆರಿಗೆಯ ನೀರು ಒಡೆದು ಹೋಯಿತು.

ಅಣ್ಣ ಪಕ್ಕದ ಮನೆಯವರ ಜೀಪು ತಂದ. ಸಿಂಚನಾಳನ್ನು ಅಣ್ಣನ ಹೆಂಡತಿ, ನಮ್ಮ ವೈನಿಯ ಬಳಿ ಬಿಟ್ಟು ಹೊರಟೆವು. ಅವ್ವ ನನ್ನ ಪಕ್ಕದಲ್ಲಿ ಕೂತಿದ್ದಳು. ಹಿಂದಿನ ದಿನದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ನೋವು ಬಂದಾಗ ನಾನು ಅವಳ ಕೈ ಹಿಡಿಯುತ್ತಿದ್ದೆ, ಹೋದ ಕೂಡಲೇ ಬಿಡುತ್ತಿದ್ದೆ. ಜೀಪಿನಿಂದಲೇ ಗಂಡನಿಗೆ ಫೋನ್ ಮಾಡಿದೆ.

"ಡಬ್ಬಿ ಕೈಯಾಗ ಅದ. ಗಾಡಿ ಇನ್ನಾ ಬಿಟ್ಟಿಲ್ಲ" ಎಂದರು.

ಸೇಡಂ ಆಸ್ಪತ್ರೆಯಲ್ಲಿ ಮೇಡಂ ಕೈ ಹಾಕಿ ನೋಡಿ, ಗರ್ಭದ ಬಾಯಿ ತೆರೆದುಕೊಳ್ಳುತ್ತಿದೆ, ಎರಡನೆಯದಾದ್ದರಿಂದ ಬೇಗ ಆಗುತ್ತದೆ ಎಂದರು. ಎಲ್ಲರಿಗೂ ಸಂತೋಷ ಕೊಡುವ ಆ ಮಾತು ನನಗೆ ಬೇಡವಾಗಿತ್ತು. ಸಿಸ್ಟರ್ ಬಳಿ ಮತ್ತೆ ಮತ್ತೆ ಟೈಮ್ ಕೇಳಿದೆ. ಹನ್ನೊಂದಕ್ಕೆ ಗಂಡ ವಿಕಾರಾಬಾದ್ ದಾಟಿದ್ದರು. ಆಮೇಲೆ ಫೋನ್ ಹತ್ತಲಿಲ್ಲ. ತಾಂಡೂರಿನಲ್ಲಿ ಗಾಡಿ ನಿಂತಿದೆ ಎಂದು ಒಂದು ಮೆಸೇಜ್ ಬಂತು. ಯಾಕೆ ನಿಂತಿದೆ, ಎಷ್ಟು ಹೊತ್ತು ನಿಲ್ಲುತ್ತದೆ, ಒಂದೂ ಇಲ್ಲ. ಹದಿನಾಲ್ಕು ವರ್ಷ ರೇಲ್ವೆ ಸಂಬಳ ತಿಂದ ಮನುಷ್ಯನಿಗೆ ಅಷ್ಟು ಕೇಳಲು ಬರುವುದಿಲ್ಲವೇ ಎಂದು ನೋವಿನ ನಡುವೆ ಸಿಟ್ಟು ಬಂತು.

ಆ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಇವತ್ತಿನವರೆಗೂ ಡಾಕ್ಟರಿಗೆ ಹೇಳಿಲ್ಲ. ನೋವು ಬಂದಾಗ ತಳ್ಳಬೇಕು ಅನ್ನಿಸುತ್ತಿತ್ತು. ನಾನು ತೊಡೆ ಬಿಗಿ ಹಿಡಿದು ತಡೆಯುತ್ತಿದ್ದೆ. ಹಲ್ಲು ಕಚ್ಚಿ, ಮಂಚದ ಕಬ್ಬಿಣ ಹಿಡಿದು, ಇನ್ನೂ ಬರಬೇಡ, ನಿಮ್ಮಪ್ಪ ಬರಲಿ ಎಂದು ಹೊಟ್ಟೆಯೊಳಗಿನ ಕೂಸಿಗೆ ಹೇಳುತ್ತಿದ್ದೆ. ಅಪ್ಪ ಬರಲಿ ಎಂದರೆ ಡಬ್ಬಿ ಬರಲಿ ಎಂದರ್ಥ. ಸಿಸ್ಟರ್ ನೋಡಿಬಿಟ್ಟರು.

"ಹಂಗ ಬಿಗಿ ಹಿಡಿಬ್ಯಾಡ್ರಿ ಅಕ್ಕ. ಕೂಸಿಗಿ ತ್ರಾಸ ಆಗ್ತದ."

ಸರಿ ಎಂದೆ. ಅವರು ಆಚೆ ಹೋದ ಮೇಲೆ ಮತ್ತೆ ಬಿಗಿ ಹಿಡಿದೆ.

ಒಂದೂವರೆಗೆ ಗಂಡ ಬಂದರು. ಬಾಗಿಲ ಸಂದಿಯಲ್ಲಿ ಕಂಡದ್ದು ಡಬ್ಬಿ ಹಿಡಿದ ಎರಡು ಕೈ. ಬಿಸಿಲು ತಾಗಬಾರದೆಂದು ತಮ್ಮ ಪಾಸಿಗೆ ಇಲ್ಲದ ಎಸಿ ಬೋಗಿಯಲ್ಲಿ ನಿಂತು, ಟಿಸಿಗೆ ಕೈ ಮುಗಿದು ಬಂದಿದ್ದರಂತೆ. ಮೇಡಂ ಡಬ್ಬಿ ತೆರೆದರು. ಪಟ್ಟಿ ಬೆಳ್ಳಗಿತ್ತು. ಅದನ್ನು ನನಗೆ ತೋರಿಸಿ, "ಈಗ ಆತಿಲ್ಲ? ಈಗ ಮನಸಿಟ್ಟು ಹಡೀರಿ" ಎಂದರು.

ಎರಡು ಗಂಟೆ ಹತ್ತು ನಿಮಿಷಕ್ಕೆ ಕೂಸು ಹೊರಬಂತು.

ಅಳಲಿಲ್ಲ.

ಮೇಡಂ ಏನೋ ಬೇಗ ಬೇಗ ಹೇಳಿದರು, ಕತ್ತರಿಯ ಸದ್ದಾಯಿತು. ಹೊಕ್ಕುಳಬಳ್ಳಿ ಅವನ ಕೊರಳಿಗೆ ಎರಡು ಸುತ್ತು ಬಿದ್ದಿತ್ತು ಎಂದು ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಇಷ್ಟೇ: ನೀಲಿಗಟ್ಟಿದ ಒಂದು ಸಣ್ಣ ಮೈ, ಜೋತುಬಿದ್ದ ಒಂದು ಕೈ. ಮೇಡಂ, ಸಿಸ್ಟರ್ ಇಬ್ಬರೂ ಅವನನ್ನು ಎತ್ತಿಕೊಂಡು ಮೂಲೆಯ ಟೇಬಲ್ಲಿಗೆ ಓಡಿದರು. ಅವರ ಬೆನ್ನು ನನ್ನ ಕಡೆಗಿತ್ತು. ಡಬ್ಬಿ ಟ್ರೇಯ ಮೇಲೆ ತೆರೆದಂತೆಯೇ ಇತ್ತು. ಕತ್ತರಿಸಿ ಕ್ಲಿಪ್ಪು ಹಾಕಿದ ಬಳ್ಳಿ ನನ್ನ ಕಾಲ ನಡುವೆ. ರಕ್ತ ಹಿಡಿಯಲು ಕೆಲವೇ ನಿಮಿಷ ಇರುವುದು, ಕಸ, ಅಂದರೆ ಮಾಸು, ಬಿದ್ದ ಮೇಲೆ, ರಕ್ತ ಗಟ್ಟಿಯಾದ ಮೇಲೆ ಸಿಗುವುದು ಕಷ್ಟ ಎಂದು ನನಗೆ ಬಾಯಿಪಾಠವಾಗಿತ್ತು.

"ಮೇಡಂ, ಚೀಲ" ಎಂದೆ. "ಚೀಲ ಹಿಡೀರ್ರಿ ಮೇಡಂ, ಟೈಮ್ ಆಗ್ಲಿಕತ್ತದ."

ಕೂಸು ಹ್ಯಾಗಿದೆ ಎಂದು ಕೇಳಲಿಲ್ಲ. ಬದುಕಿದೆಯಾ ಎಂದು ಕೇಳಲಿಲ್ಲ.

ನಾನು ಮೊದಲು ಕೇಳಿದ್ದು ಚೀಲವನ್ನು.

ಮೇಡಂ ತಿರುಗಿ ನೋಡಲಿಲ್ಲ. "ಸುಮ್ನಿರ್ರಿ" ಎಂದರು ಅಷ್ಟೇ. ನನ್ನ ತಲೆಯ ಹತ್ತಿರ ನಿಂತಿದ್ದ ಅವ್ವ ತನ್ನ ಕೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು. ಗಟ್ಟಿಯಾಗಿ ಅಲ್ಲ. ಆ ಕೋಣೆಯಲ್ಲಿ ಕೂಸಿಗೆ ಉಸಿರು ತುಂಬುವ ಗಾಳಿಯ ಚೀಲ ಒತ್ತುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ತಿಳಿಯದು. ಎರಡು ನಿಮಿಷವೂ ಆಗಿರಲಿಲ್ಲ ಎಂದು ಮೇಡಂ ಹೇಳುತ್ತಾರೆ. ನಾನು ನಂಬುವುದಿಲ್ಲ.

ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ನಿಂತಿತು. ಮತ್ತೆ ಬಂತು, ಈ ಸಲ ಸಿಟ್ಟಿನಿಂದ.

ಮೇಡಂ ಅವನನ್ನು ಸಿಸ್ಟರ್ ಕೈಗೆ ಕೊಟ್ಟು, ಕೈಗವಸು ಬದಲಿಸಿ ನನ್ನ ಕಡೆ ಬಂದರು. ಬಳ್ಳಿಗೆ ಸೂಜಿ ಚುಚ್ಚಿ ಚೀಲ ಕೆಳಗೆ ಹಿಡಿದರು. ಅರ್ಧದಷ್ಟು ತುಂಬಿತು. "ಇಷ್ಟ ಸಿಕ್ಕದ ನೋಡ್ರಿ" ಎಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚೀಲವನ್ನು ಡಬ್ಬಿಗೆ ಹಾಕಿ, ಫಾರ್ಮು ತುಂಬಿ, ನನ್ನ ಗಂಡ ಮುಂದಿನ ರೈಲಿಗೇ ಹೈದರಾಬಾದಿಗೆ ಹೊರಟರು. ಮಗನ ಮುಖ ನೋಡಿದ್ದು ಒಂದು ನಿಮಿಷ. ಡಬ್ಬಿಯನ್ನು ಹಿಡಿದುಕೊಂಡದ್ದು ಬರುತ್ತ ಹೋಗುತ್ತ ಸೇರಿ ಇಡೀ ದಿನ. ಚೀಲದ ಚೀಟಿಯ ಮೇಲೆ ಮಗುವಿನ ಹೆಸರಿನ ಜಾಗದಲ್ಲಿ 'ಸುನೀತಾರ ಮಗು' ಎಂದು ಬರೆದಿತ್ತು.

ಆಮೇಲಿನ ಮೂರು ವಾರದ ಭಯ ಬೇರೆ ಬಗೆಯದು. ಬಾಣಂತಿಯ ಕೋಣೆಯಲ್ಲಿ ಮಲಗಿ ಕೂಸಿಗೆ ಹಾಲು ಕೊಡುತ್ತಿದ್ದೆ, ಅವನ ಮುಖ ಹೆಚ್ಚು ನೋಡುತ್ತಿರಲಿಲ್ಲ. ನೋಡಿದರೆ ಅವತ್ತಿನ ಜೋತುಬಿದ್ದ ಕೈ ಕಾಣುತ್ತಿತ್ತು. ನಾನು ಬಿಗಿ ಹಿಡಿದದ್ದಕ್ಕೇ ಅವನಿಗೆ ಹಾಗಾಯಿತೇ? ಕೊರಳಿನ ಸುತ್ತು ಬಿಗಿಯಾದದ್ದು ಆಗಲೇ ಇರಬಹುದೇ? ಸುತ್ತು ಬೀಳುವುದು ಎಷ್ಟೋ ಹೆರಿಗೆಗಳಲ್ಲಿ ಇದ್ದದ್ದೇ ಎಂದು ಮೇಡಂ ತಾವಾಗಿಯೇ ಹೇಳಿದ್ದರು. ಅವರು ಹೇಳಿದ್ದು ಸತ್ಯವೇ ಇರಬೇಕು. ಅವರಿಗೆ ನಾನು ಮಾಡಿದ್ದು ಗೊತ್ತಿಲ್ಲವಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಕೂಸಿನ ಕೈಕಾಲು ಎರಡೂ ಕಡೆ ಸಮನಾಗಿ ಆಡುತ್ತವೆಯೇ ಎಂದು ದಿನಕ್ಕೆ ಹತ್ತು ಸಲ ಬಿಡಿಸಿ ನೋಡುತ್ತಿದ್ದೆ. ಅಂಗನವಾಡಿಯಲ್ಲಿ ಕಲಿತದ್ದೆಲ್ಲ ಆ ಕೋಣೆಯಲ್ಲಿ ನನ್ನನ್ನೇ ಹೆದರಿಸಲು ಬಂತು.

ಒಂದು ಮಧ್ಯಾಹ್ನ ಸಿಂಚನಾ ತಮ್ಮನ ಪಕ್ಕ ಕೂತು ಅವನ ಅಂಗೈ, ಮುಂಗೈ, ಮಣಿಕಟ್ಟು ಎಲ್ಲ ತಿರುವಿ ತಿರುವಿ ನೋಡುತ್ತಿದ್ದಳು. ಅದು ಅವಳ ಮೂರನೇ ವಾರ. ಕಣ್ಣಿನ ಸುತ್ತ ಕಪ್ಪು, ತುಟಿ ಬೆಳ್ಳಗೆ.

"ಅವ್ವಾ, ಇವಗ ಎಲ್ಲಿ ಚುಚ್ಚಿದ್ರು?"

"ಯಾಕ ಚುಚ್ಚತಾರ?"

"ಇವನ ರಕ್ತ ನನಗ ಕೊಡತಾರಂತಲ್ಲ. ಮಾಮಿ ಹೇಳ್ಯಾಳ. ಇವ ಅತ್ತನೇನು?"

ಇವನಿಗೆ ಎಲ್ಲೂ ಚುಚ್ಚಿಲ್ಲ, ಬಳ್ಳಿಯಲ್ಲಿ ಉಳಿದದ್ದನ್ನು ತೆಗೆದರು, ಅವನಿಗೆ ನೋವಾಗಿಲ್ಲ ಎಂದೆ. ಅವಳಿಗೆ ಸಮಾಧಾನವಾಯಿತು. ಅವನ ಕೈಯನ್ನು ಬಟ್ಟೆಯೊಳಗೆ ಜೋಪಾನವಾಗಿ ಮುಚ್ಚಿಟ್ಟಳು. ಐದು ವರ್ಷದ ಈ ಹುಡುಗಿಗೆ ಮೊದಲು ಹೊಳೆದದ್ದು ಅವನಿಗೆ ನೋವಾಯಿತೇ ಎಂಬುದು. ನಾನು ಗೋಡೆಯ ಕಡೆ ಹೊರಳಿ ಅತ್ತೆ.

ಹೊಂದಿಕೆಯ ವಿಷಯ ಹೇಳಲು ಹೈದರಾಬಾದಿನಿಂದ ಫೋನ್ ಬಂದಾಗ ಗಂಡ ಆಡಕಿಯಲ್ಲೇ ಇದ್ದರು. ಅಂಗಳದಲ್ಲಿ ನಿಂತು ಹಿಂದಿಯಲ್ಲಿ ಮಾತಾಡಿದರು. "ಜೀ, ಜೀ" ಎಂಬುದಷ್ಟೇ ಕೇಳಿಸಿತು. ಒಳಗೆ ಬಂದು ಕೂತರು. ನೀರು ಕೇಳಿದರು, ಕುಡಿದರು.

"ಅರ್ಧ ಅಷ್ಟ ಹೊಂದ್ಯದಂತ. ಅರ್ಧಕ್ಕ ಮಾಡಂಗಿಲ್ಲಂತ."

ನಾವು ಕಾದ ಆ ಚೀಲ ಸಿಂಚನಾಳಿಗೆ ಬರುವುದಿಲ್ಲ. ಬೇರೆ ಯಾರಿಗಾದರೂ ಬರಬಹುದೇ ಎಂದರೆ ಅದಕ್ಕೆ ಬೇಕಾದಷ್ಟು ರಕ್ತ ಅದರಲ್ಲಿಲ್ಲ. ಮುಂದೆ ಇಡಬೇಕೋ ಬೇಡವೋ ತಿಳಿಸಿ, ಬೇಡವಾದರೆ ಸಹಿ ಮಾಡಿ ಕಳಿಸಿ ಎಂದಿದ್ದರು. ಹೊರಗಿನ ದಾನಿಗಳ ಪಟ್ಟಿಯಲ್ಲಿ ಸಿಂಚನಾಳಿಗೆ ಹೊಂದುವವರನ್ನು ಹುಡುಕುತ್ತೇವೆ, ಕಾಯಬೇಕು ಎಂದೂ ಹೇಳಿದ್ದರು. ನನ್ನ ಗಂಡ ಇಷ್ಟನ್ನೂ ಒಂದೇ ಸಮನೆ ಹೇಳಿ, ಎದ್ದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಡಬ್ಬಿಯ ಜಗಳದ ನಂತರ ಅವಳು ನನಗೆ ಬಾಣಂತನ ಮಾಡಿದಳು, ಎಣ್ಣೆ ನೀರು ಹಾಕಿದಳು, ಖಾರ ಅರೆದು ಕೊಟ್ಟಳು. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿರಲಿಲ್ಲ. ಈಗ ಹತ್ತಿರ ಬಂದು ಕೂತು ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು.

"ನಾ ಡಬ್ಬಿ ಹೊರಗ ಇಟ್ಟಿದ್ದಕ್ಕ ಹಿಂಗ ಆತೇನವ್ವ?"

"ಇಲ್ಲವ್ವ. ಅದು ಬ್ಯಾರೆ ಡಬ್ಬಿ. ಹೊಂದೋದು ಹೊಂದದೇ ಇರೋದು ಹೊಟ್ಟ್ಯಾಗೇ ಆಗಿರ್ತದ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

"ಖರೇ ಹೇಳ್ತಿ?"

"ಖರೇನೇ."

ಅವಳು ನಂಬಿದಳೋ ಇಲ್ಲವೋ. ನಾನು ಮುಂದುವರಿದೆ, ಯಾಕೆಂದರೆ ಆಗ ಹೇಳದಿದ್ದರೆ ಎಂದೂ ಹೇಳುತ್ತಿರಲಿಲ್ಲ. "ಅವ್ವಾ, ಅವತ್ತು ಕೂಸು ಅಳದೇ ಇದ್ದಾಗ ನಾ ಚೀಲ ಕೇಳಿದೆ. ನೀ ಕೇಳಿಸಿಕೊಂಡಿ."

"ಹ್ಞೂಂ."

"ಯಾರಿಗರೆ ಹೇಳೀ ಏನು?"

"ಯಾರಿಗಿ ಹೇಳಲಿ? ನೀ ನನಗ ಅಂದಿದ್ದು ನಾ ಯಾರಿಗಿ ಹೇಳೀನಿ?" ಎಂದಳು. ಸೆರಗಿನ ತುದಿ ಬಿಟ್ಟು ಮತ್ತೆ ಅಂದಳು: "ಅಂಜಿಕಿ ಆದಾಗ ಮನುಷ್ಯಾ ಏನೇನೋ ಅಂತಾನ, ಏನೇನೋ ಮಾಡ್ತಾನ. ನಾನೂ ಮಾಡಿಲ್ಲೇನು? ಹಾಲು ಕುಡಸು, ಅಳ್ಲಿಕತ್ತಾನ."

ಕೂಸನ್ನು ಎತ್ತಿಕೊಂಡೆ. ಮೂರು ವಾರದಲ್ಲಿ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದೆ. ಹುಬ್ಬು ನಮ್ಮಪ್ಪನದು. ಬಲಗಿವಿಯ ತುದಿ ಒಳಕ್ಕೆ ಮಡಚಿಕೊಂಡಿತ್ತು, ಅದು ಯಾರದೂ ಅಲ್ಲ. ಮಗಳ ಸಲುವಾಗಿ ಎದೆ ಒಡೆದಂತಿದ್ದ ಆ ಹೊತ್ತಿನಲ್ಲೇ, ಇವನಿಂದ ಇನ್ನು ಏನೂ ತೆಗೆಯಬೇಕಿಲ್ಲ ಎಂದು ಒಳಗೆ ಎಲ್ಲೋ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಎರಡೂ ಒಟ್ಟಿಗೆ ಇದ್ದವು, ಈಗಲೂ ಇವೆ.

ಚೀಲದ ಫಾರ್ಮಿಗೆ ಬೇಡ ಎಂದು ಸಹಿ ಮಾಡಿದೆ. ಅವನಿಗೆ ಮನೋಜ ಎಂದು ಹೆಸರಿಟ್ಟೆವು. ಈಗ ನಾಲ್ಕು ತಿಂಗಳು. ಕೈಕಾಲು ಎರಡೂ ಕಡೆ ಸಮನಾಗಿ ಆಡುತ್ತವೆ, ಆದರೂ ನೋಡುವುದನ್ನು ನಾನು ಬಿಟ್ಟಿಲ್ಲ. ಸಿಂಚನಾಳ ಕಬ್ಬಿಣದ ಅಂಕಿ ಈ ಸಲ ಸ್ವಲ್ಪ ಇಳಿದಿದೆ. ಹೊರಗಿನ ದಾನಿ ಸಿಕ್ಕಿಲ್ಲ. ಸಿಗಲೂಬಹುದು ಎನ್ನುತ್ತಾರೆ. ಯಾರೋ ಗುರುತಿಲ್ಲದವರು ಮೂರು ವಾರಕ್ಕೊಮ್ಮೆ ಅವಳಿಗಾಗಿ ತೋಳು ಚಾಚುತ್ತಲೇ ಇದ್ದಾರೆ, ಅವರ ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ದಿನವೂ ಕೈ ಮುಗಿಯುತ್ತೇನೆ.

ಕಳೆದ ವಾರ ರಕ್ತ ಹಾಕಿಸಲು ಕಲಬುರಗಿಗೆ ಹೋದಾಗ ಮೊದಲ ಸಲ ಇಬ್ಬರನ್ನೂ ಕರೆದೊಯ್ದೆ. ನಮ್ಮನ್ನು ಐದು ವರ್ಷದಿಂದ ಬಲ್ಲ ಸಿಸ್ಟರ್ ನನ್ನ ಮಡಿಲಲ್ಲಿದ್ದವನನ್ನು ಬಗ್ಗಿ ನೋಡಿದರು.

"ಇವಗೂ ಅದೇ ಏನ್ರಿ?"

"ಇಲ್ಲ ಸಿಸ್ಟರ್. ಇವಗ ಏನೂ ಇಲ್ಲ."

"ಅಕ್ಕಗ ಇವಂದು ಕೊಡಲಿಕ್ಕ ಬರ್ತದೇನು?"

"ಬರಂಗಿಲ್ರಿ."

"ಮತ್ತ?"

"ಮತ್ತೇನಿಲ್ಲ. ಅವ ಸುಮ್ನ ಬಂದಾನ."

ಸಿಸ್ಟರ್ ಅವನ ಗಲ್ಲ ಹಿಂಡಿ, ಸಿಂಚನಾಳ ಕೈಯಲ್ಲಿ ನರ ಹುಡುಕಲು ಕೂತರು.